‘ಹೇಗೂ ಮನೇಲೇ ಇರ್ತೀರಲ್ಲ, ನೀರಣ್ಣ’

ಬೆಳಗಿನ ಐದು ಗಂಟೆ. ರಸ್ತೆಯ ತಿರುವಿನಲ್ಲಿ ಹಿರಿಯರೊಬ್ಬರು ಮಂಡಿಯೂರಿ ಕುಳಿತು ಡಾಂಬರಿಗೆ ಸುತ್ತಿಗೆಯಿಂದ ತಟ್ಟುತ್ತಿದ್ದಾರೆ. ಠಣ್ ಅಂದರೆ ಕೆಳಗೆ ವಾಲ್ವಿನ ಮುಚ್ಚಳ ಇದೆ, ಥಪ್ ಅಂದರೆ ಬರೀ ಮಣ್ಣು. ಮೂರನೆಯ ಏಟಿಗೆ ಠಣ್ ಅನ್ನುತ್ತದೆ. ರಸ್ತೆ ಮಾಡಿದ ಪುಣ್ಯಾತ್ಮರು ಮುಚ್ಚಳದ ಮೇಲೂ ಡಾಂಬರು ಬಳಿದು ಹೋಗಿದ್ದಾರೆ. ಅದನ್ನು ಕೆತ್ತಿ ತೆಗೆದು, ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿ ಹದಿನಾಲ್ಕು ಸುತ್ತು ತಿರುಗಿಸುತ್ತಾರೆ. ಮೇಲಿನ ಬೀದಿಯ ನಲ್ಲಿಗಳಲ್ಲಿ ನೀರು ಬರುತ್ತದೆ.

ಇವರನ್ನು ಎಲ್ಲರೂ ಕರೆಯುವುದು ನೀರಣ್ಣ ಎಂದು. ವಯಸ್ಸು ಅರವತ್ಮೂರು. ಮೂವತ್ನಾಲ್ಕು ವರ್ಷ ಊರಿಗೆ ನೀರು ಬಿಟ್ಟು, ಮೂರು ವರ್ಷದ ಹಿಂದೆ ನಿವೃತ್ತರಾದವರು. ಹಾಗಾದರೆ ಈ ಹೊತ್ತಿನಲ್ಲಿ ಬೀದಿಯಲ್ಲೇನು ಕೆಲಸ? ನೀರು ಸರಬರಾಜು ಕಚೇರಿಗೆ ಹೋಗಿ ಕೇಳಿದೆ. ಸಾಹೇಬರು ಕುರ್ಚಿಗೆ ಒರಗಿಕೊಂಡೇ ಉತ್ತರಿಸಿದರು: “ಅವರು ಹೇಗೂ ಮನೇಲೇ ಇರ್ತಾರಲ್ಲ.”

‘ಹೇಗೂ’ ಅನ್ನುವ ಈ ಎರಡಕ್ಷರ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿವೃತ್ತರ ಬೆಳಗೇನು ಊರಿನ ಆಸ್ತಿಯೇ, ಬೇಕೆಂದಾಗ ಕೈಹಾಕಿ ತೆಗೆದುಕೊಳ್ಳಲು?

ಊರಿನಲ್ಲಿ ಅರವತ್ತೊಂದು ವಾಲ್ವುಗಳಿವೆ. ಒಂದಕ್ಕೂ ನಕ್ಷೆಯಿಲ್ಲ, ಎಲ್ಲವೂ ನೀರಣ್ಣನ ತಲೆಯಲ್ಲಿವೆ. ಅವುಗಳಲ್ಲಿ ಮೂರು ಉಲ್ಟಾ ತಿರುಗುತ್ತವೆ. ಅವಕ್ಕೆ ನೀರಣ್ಣ ಇಟ್ಟ ಹೆಸರು ‘ಮೊಂಡ’. ಯಾವ ಕಂಬದಿಂದ ಎಷ್ಟು ಹೆಜ್ಜೆ, ಯಾವ ಕಡೆಗೆ ಎಷ್ಟು ಸುತ್ತು ಎಂದು ನೌಕರಿಯ ಕೊನೆಯ ವರ್ಷವಿಡೀ ಕೂತು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದು ಕಚೇರಿಗೆ ಒಪ್ಪಿಸಿದರು. ಕಚೇರಿಗೆ ಸುಣ್ಣ ಬಳಿಸುವಾಗ ಅದು ರದ್ದಿಯ ಜೊತೆ ಹೋಯಿತು.

ಆಮೇಲೆ ಗುತ್ತಿಗೆಯ ಮೇಲೆ ಒಬ್ಬರ ಹಿಂದೊಬ್ಬರಂತೆ ಐವರು ಬಂದು ಹೋದರು. ಕಳೆದ ತಿಂಗಳು ಐದನೆಯವನು ಒಂದು ಮೊಂಡನನ್ನು ಎಲ್ಲ ವಾಲ್ವುಗಳಂತೆಯೇ ತಿರುಗಿಸಿದ. ಅದು ಮುರಿಯಿತು. ಹೆರಿಗೆ ಆಸ್ಪತ್ರೆಗೆ ಎರಡು ದಿನ ನೀರಿಲ್ಲ. ಬೈಸಿಕೊಂಡಿದ್ದು ಯಾರು?

“ನೀವು ಹೇಳಿಕೊಡಬೇಕಿತ್ತು ಅಂದ್ರು. ಬರೆದು ಕೊಟ್ಟಿದ್ದೆನಲ್ಲ ಸ್ವಾಮಿ ಅಂದೆ. ಎಲ್ಲಿದೆ ತೋರ್ಸಿ ಅಂತ ನನ್ನನ್ನೇ ಕೇಳಿದ್ರು,” ಅನ್ನುತ್ತಾರೆ ನೀರಣ್ಣ.

ಈಗ ಅವರು ಕೇಳುತ್ತಿರುವುದು ಹತ್ತು ದಿನ, ಒಬ್ಬ ಆಳು. “ನನ್ನ ಜೊತೆ ನಡೀಲಿ, ನೋಡ್ಲಿ, ಅವನ ಕೈಯಾರೆ ಬರ್ಕೊಳ್ಳಲಿ. ಆಮೇಲೆ ನನ್ನನ್ನ ಬಿಟ್ಟುಬಿಡಿ.” ನಾಲ್ಕು ಅರ್ಜಿ ಕೊಟ್ಟಿದ್ದಾರೆ. ಯಾರೂ ಬಂದಿಲ್ಲ.

ಕಚೇರಿಯವರು ಕರೆಯದಂತೆ ಬೆಳಗಿನ ಜಾವದಲ್ಲಿ ಫೋನ್ ಆಫ್ ಮಾಡಿಡಬಾರದೇ ಎಂದೆ. “ಮಾಡಿದ್ದೆ ಒಂದಿನ. ಹನ್ನೊಂದು ಜನ ಹೆಂಗಸರು ಖಾಲಿ ಕೊಡ ಹಿಡ್ಕೊಂಡು ಬಾಗಿಲಿಗೆ ಬಂದ್ರು. ಅವರ ಮೇಲೆ ಹೇಗೆ ಸಿಟ್ಟು ಮಾಡ್ಕೊಳ್ಳಲಿ?”

ನಿವೃತ್ತಿಯಲ್ಲಿ ಏಳಕ್ಕೆ ಏಳಬೇಕು, ಪೇಪರನ್ನು ರಾಶಿ ಭವಿಷ್ಯವನ್ನೂ ಬಿಡದೆ ಓದಬೇಕು ಎಂದುಕೊಂಡಿದ್ದರು. ಈಗ ಎಂಟಕ್ಕೆ ಮನೆಗೆ ಬಂದು, ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಾರೆ. ಮೊದಲ ಪುಟ ಮುಗಿಯುವ ಮೊದಲೇ ಗೊರಕೆ.

“ರಿಟೈರ್ ಆಗಿದ್ದು ಇವರ ಖಾಕಿ ಶರ್ಟು ಮಾತ್ರ. ಅದು ಆರಾಮಾಗಿ ಮೊಳೆಗೆ ನೇತಾಡ್ಕೊಂಡಿದೆ,” ಎಂದು ಹೆಂಡತಿ ನಗುತ್ತಾರೆ. ಆಕೆಯ ಎರಡೂ ಮಂಡಿ ಸವೆದಿವೆ. ಭಾರ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮನೆ ಇರುವುದು ಮೂರನೇ ಮಹಡಿಯಲ್ಲಿ, ನಲ್ಲಿ ಇರುವುದು ಕೆಳಗೆ, ನೀರು ಬರುವುದು ಗಂಡ ಬೀದಿಯಲ್ಲಿರುವ ಹೊತ್ತಿಗೇ. ದಿನಕ್ಕೆ ಆರು ಬಕೆಟ್ ಹೊರುತ್ತಾರೆ. ಹೋದ ವಾರ ತುಂಬಿದ ಬಕೆಟ್ಟಿನ ಸಮೇತ ಮೆಟ್ಟಿಲ ಮೇಲೆ ಬಿದ್ದರು. ಮೊಣಕೈ ಇನ್ನೂ ನೀಲಿಗಟ್ಟಿದೆ. ಇದನ್ನು ಸಾಹೇಬರಿಗೆ ಹೇಳಿದೆ. “ಅಯ್ಯೋ, ಪಾಪ,” ಅಂದು ಫೈಲು ತೆರೆದರು.

ನಿಮಗೇನು ಬೇಕು ಎಂದು ನೀರಣ್ಣನನ್ನು ಕೇಳಿದೆ. ಸನ್ಮಾನವೇ? ಅವರು ಹೆಂಡತಿಯ ಮೊಣಕೈ ನೋಡಿದರು.

“ನಮ್ಮನೆ ನಲ್ಲೀಲಿ ನೀರು ಬರೋದನ್ನ ನಾನು ನೋಡೇ ಇಲ್ಲ. ನನಗೆ ರಜೆ ಅಂದ್ರೆ ನಲ್ಲಿಗೂ ರಜೆ. ಒಂದಿನ ಬೇರೆ ಯಾರಾದ್ರೂ ನೀರು ಬಿಡ್ಲಿ. ನಾನು ಕೆಳಗೆ ನಿಂತ್ಕೊಂಡು ಹಿಡೀತೀನಿ. ಆರು ಬಕೆಟ್ಟನ್ನೂ ನಾನೇ ಮೇಲಕ್ಕೆ ಹೊರ್ತೀನಿ. ಇವಳು ಮಲಗಿರ್ಲಿ.”