ನೀರಿನ ಮೇಲೆ ಓಣಿ ಹಿಡಿದು ಹೋಗುವ ರುಸ್ಮಿನಿ

"ಕೇಳಿದ್ಯೇನೋ? ರುಸ್ಮಿನಿ ಅಕ್ಕ ನಿನ್ನೆ ತುಕಿನೆಮ್ ಅಜ್ಜಿ ಮನೆಯೊಳಗೇ ದೋಣಿ ನುಗ್ಗಿಸಿಬಿಟ್ಳಂತೆ! ಮುಂಬಾಗಿಲಿಂದ ಒಳಗೆ, ಅಡುಗೆಮನೆಯಿಂದ ಆಚೆಗೆ!"

ದೋಣಿಕಟ್ಟೆಯಲ್ಲಿ ಸೋಯಾಕಾಳಿನ ಟೆಂಪೆ ಕರಿಯುವ ಸೆನೆನ್ ಇಷ್ಟು ಹೇಳುವಷ್ಟರಲ್ಲಿ ಬಾಣಲೆಯಲ್ಲಿದ್ದದ್ದು ಸೀದು ಕರ್ರಗಾಗಿದೆ. ಬಲೆ ಬಿಡಿಸುತ್ತಿದ್ದ ಮೀನುಗಾರ ಬಾಯಲ್ಲಿದ್ದ ಬಿಸಿ ತುಂಡನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣುಬಿಡುತ್ತಾನೆ. ಬೆಳಗಿನ ಮಂಜು ಇನ್ನೂ ನೀರಿನ ಮೇಲೇ ಮಲಗಿದೆ.

"ಅಡುಗೆಮನೆವರೆಗೆ ಹೋಗಿಲ್ಲ. ನಡುಮನೇಲೇ ಇಂಜಿನ್ ಆರಿಸಿದೆ. ಹೇಳೋದಾದ್ರೆ ಸರಿಯಾಗಿ ಹೇಳು ಸೆನೆನ್," ಅಂತ ಹಿಂದಿನಿಂದ ದನಿ ಬರುತ್ತದೆ. ಕಟ್ಟಿಹಾಕಿದ ದೋಣಿಯಲ್ಲಿ ಮಂಡಿ ಅಪ್ಪಿಕೊಂಡು ರುಸ್ಮಿನಿ ಕೂತಿದ್ದಾಳೆ. ಇಷ್ಟು ಹೊತ್ತಿಗೆ ಅವಳು ನೀರಿನ ನಡುವೆ ಇರಬೇಕಿತ್ತು.

ತುಕಿನೆಮ್ ಅಜ್ಜಿಯ ಆ ಮನೆ ಇರುವುದು ಜಲಾಶಯದ ತಳದಲ್ಲಿ. ಅಜ್ಜಿಯದೊಂದೇ ಅಲ್ಲ, ಹಳೆಯ ಕಾರಾಂಗ್‌ವಾರು ಊರಿಗೆ ಊರೇ ಅಲ್ಲಿದೆ. ಅಣೆಕಟ್ಟು ಕಟ್ಟಿದಾಗ ಜನ ಗುಡ್ಡದ ಮೇಲಿನ ಹೊಸ ಊರಿಗೆ ಬಂದರು. ಬಂದವರಿಗೆ ಹಳೆಯ ಊರು ನೋಡಬೇಕೆನಿಸಿದಾಗ ರುಸ್ಮಿನಿಯ ದೋಣಿ ಹತ್ತುತ್ತಾರೆ. ಅವಳು ಮಾತ್ರ ನೀರಿದೆ ಅಂತ ನೇರ ಹೋಗುವವಳಲ್ಲ. ಕೆಳಗಿರುವ ಓಣಿ ಹಿಡಿದೇ ಹೋಗುತ್ತಾಳೆ. ಬಟಾಬಯಲಿನಂಥ ನೀರಿನ ಮೇಲೆ ದೋಣಿ ಸುಮ್ಮನೆ ಎಡಕ್ಕೆ ತಿರುಗುತ್ತದೆ, ಅಲ್ಲಿ ಮಸೀದಿಯ ಮೂಲೆ. ಆಮೇಲೆ ನಿಧಾನವಾಗುತ್ತದೆ, ಅಲ್ಲಿ ಬಾವಿಕಟ್ಟೆ. ಒಂದು ಕಡೆ ದೋಣಿಯಲ್ಲಿದ್ದ ಮುದುಕರೆಲ್ಲ ಒಟ್ಟಿಗೆ ತಲೆ ತಗ್ಗಿಸುತ್ತಾರೆ. ಅಲ್ಲೊಂದು ಮಾವಿನ ಕೊಂಬೆ ದಾರಿಗೆ ಅಡ್ಡ ಬಾಗಿತ್ತು.

"ಅಪ್ಪ ಎತ್ತಿನ ಗಾಡಿ ಹೊಡೀತಿದ್ರು. ನೀರು ಬಂದ್ಮೇಲೆ ದೋಣಿ ತಗೊಂಡ್ರು, ದಾರಿ ಮಾತ್ರ ಬದಲಾಯಿಸಲಿಲ್ಲ," ಎನ್ನುತ್ತಾಳೆ ರುಸ್ಮಿನಿ. "ಬೇರೆ ದೋಣಿಯವರು ಗೆರೆ ಎಳೆದ ಹಾಗೆ ಹೋಗ್ತಾರೆ. ಅವರು ಪರ ಊರಿನವರು, ಅವರಿಗೇನು ಗೊತ್ತು? ಆದ್ರೆ ನಾನು? ಕೇಳದೆ ಒಬ್ಬರ ಮನೆಯೊಳಗೆ ನುಗ್ಗೋಕಾಗುತ್ತಾ?"

ಆದರೆ ನಿನ್ನೆ ನುಗ್ಗಿದ್ದಳು. ಮದುವೆಯ ಹುಡುಗಿಯೊಬ್ಬಳನ್ನು ಅಜ್ಜನ ಮನೆಯ ಮೇಲೆ ಹೂ ಚೆಲ್ಲಿಸಲು ಕರೆದೊಯ್ಯಬೇಕಿತ್ತು. ಗಂಡಿನವರು ಬರುವ ಹೊತ್ತಾಗುತ್ತೆ ಅಂತ ಹುಡುಗಿಯ ತಾಯಿಯ ಅವಸರ. ರುಸ್ಮಿನಿ ದಾರಿ ಹಿಡಿಯುವುದು ಸುತ್ತಲ ಗುಡ್ಡ ನೋಡಿಕೊಂಡು. ಮಂಜಿದ್ದರೆ ಹೊರಡುವುದಿಲ್ಲ. ನಿನ್ನೆ ಹೊರಟಳು. ಮಸೀದಿಯ ಮೂಲೆಯಲ್ಲಿ ತಿರುಗಿದ್ದು ಕೊಂಚ ಬೇಗವಾಯಿತು.

ಮೊದಲು ಬಂದದ್ದು ವಾಸನೆ. ಸೌದೆ ಒಲೆಯ ಹೊಗೆ, ಕಾಯಿಸಿದ ಕೊಬ್ಬರಿ ಎಣ್ಣೆ. ದಡ ಎಷ್ಟೋ ದೂರವಿತ್ತು. ಆಮೇಲೆ ಇಂಜಿನ್ನಿನ ಸದ್ದಿನ ಅಡಿಯಿಂದ ಇನ್ನೊಂದು ಸದ್ದು. ಸರ್, ಸರ್, ಟಪ್. ಸರ್, ಸರ್, ಟಪ್.

"ಅಕ್ಕಾ, ಯಾರೋ ಅಂಗಳ ಗುಡಿಸ್ತಿದಾರಾ?" ಅಂತ ಮದುಮಗಳು ಕೇಳಿದಳು.

ರುಸ್ಮಿನಿ ಇಂಜಿನ್ ಆರಿಸಿದಳು. ಗುಡಿಸುವ ಸದ್ದೂ ಗಕ್ಕನೆ ನಿಂತಿತು, ಯಾರೋ ಪೊರಕೆ ಹಿಡಿದು ತಲೆ ಎತ್ತಿದ ಹಾಗೆ. ಮಂಜು ಒಮ್ಮೆ ಸರಿದು ಗುಡ್ಡದ ನೆತ್ತಿ ಕಂಡಿತು. ಎಲ್ಲಿದ್ದೇನೆ ಅಂತ ಆಗ ತಿಳಿಯಿತು. "ತಪ್ಪಾಯ್ತು, ಒಳಗೆ ಬಂದ್ಬಿಟ್ಟೆ," ಎಂದು ನೀರು ಮುಟ್ಟಿ ಹಣೆಗೆ ಒತ್ತಿಕೊಂಡಳು. ಕೊರೆಯುವ ಬೆಳಗಿನಲ್ಲಿ ಆ ನೀರು ಬೆಚ್ಚಗಿತ್ತು, ಆಗ ತಾನೇ ಒಲೆಯಿಂದ ಇಳಿಸಿದ ಹಾಗೆ.

ಹಾಗಾಗಿ ಇಂದು ದೋಣಿ ಕಟ್ಟಿಹಾಕಿದ್ದಾಳೆ. ಮನೆಯೊಡತಿ ಹೂಂ ಅನ್ನುವ ತನಕ ಬಿಚ್ಚುವುದಿಲ್ಲ. ಅನ್ನದಿದ್ದರೆ ದೋಣಿ ಮಾರುತ್ತಾಳಂತೆ. ಉಪವಾಸದ ತಿಂಗಳಿಗೆ ಮುಂಚೆ ಊರವರೆಲ್ಲ ಹಿರಿಯರಿಗೆ ಹೂ ಹಾಕಲು ಹೋಗುವ ದಿನಗಳು ಮುಂದಿನ ವಾರವೇ ಶುರು. ಮನೆ ತುಳಿದವಳ ದೋಣಿಗೆ ಯಾರು ಹತ್ತುತ್ತಾರೆ? ಬೇರೆಯವರ ದೋಣಿಯಲ್ಲಿ ಹೋದರೆ ಓಣಿ ತೋರಿಸುವವರು ಯಾರು?

ಬಿಸಿಲೇರಿದ ಮೇಲೆ ಗುಡ್ಡ ಹತ್ತುತ್ತಾಳೆ. ತುಕಿನೆಮ್ ಅಜ್ಜಿ ಜಗಲಿಯಲ್ಲಿ ಮರಗೆಣಸು ಸುಲಿಯುತ್ತಿದ್ದಾಳೆ. ನೀರು ತುಂಬಿದ ಮೇಲೆ ಒಂದು ದಿನವೂ ಕೆಳಗಿಳಿದು ಅದನ್ನು ನೋಡದ ಹೆಂಗಸು.

"ಬಂದ್ಯಾ ಮಹಾರಾಣಿ? ಚಪ್ಪಲಿ ಹಾಕ್ಕೊಂಡೇ ಮನೆ ಹೊಕ್ಕಿದ್ಯಂತೆ?"

"ಚಪ್ಪಲಿ ಅಲ್ಲಜ್ಜಿ, ದೋಣಿ."

"ದೋಣಿ ನಿನಗೆ ಚಪ್ಪಲಿ ತಾನೇ? ನಿಮ್ಮಪ್ಪ ಗಾಡಿ ಹೊಡೆಯೋವಾಗ ನನ್ನ ಬೇಲಿ ಮುರಿದಿದ್ದ. ನೀನು ಬಾಗಿಲೇ ಮುರಿದೆ. ಕೂತ್ಕೋ, ಚಾ ಕುಡಿ. ಮನೆಗೆ ಬಂದವರನ್ನ ಹಾಗೇ ಕಳಿಸಿದೆ ಅಂತ ನನಗೆ ಕೆಟ್ಟ ಹೆಸರು ಬೇಡ."

ರುಸ್ಮಿನಿ ಚಾ ಮುಟ್ಟುವುದಿಲ್ಲ. ಹೊಗೆ, ಎಣ್ಣೆ, ಪೊರಕೆ, ಬೆಚ್ಚಗಿನ ನೀರು, ಎಲ್ಲವನ್ನೂ ಹೇಳುತ್ತಾಳೆ. ಅಜ್ಜಿಯ ಕತ್ತಿ ಗೆಣಸಿನ ಮೇಲೇ ನಿಲ್ಲುತ್ತದೆ.

"ಎರಡು ಸಲ ಗುಡಿಸಿ ಒಂದು ಸಲ ಕುಟ್ಟೋ ಸದ್ದಾ?"

"ಹೂಂ ಅಜ್ಜಿ."

"ನಮ್ಮತ್ತೆ." ಅಜ್ಜಿ ಕತ್ತಿ ಕೆಳಗಿಡುತ್ತಾಳೆ. ಆಮೇಲೆ ಮೆಲ್ಲಗೆ ಹೇಳುತ್ತಾಳೆ: "ಮನೆ ಬಿಡೋವಾಗ ದೀಪ ಹಚ್ಚಿ, ಚಾಪೆ, ಪೊರಕೆ, ನೀರಿನ ಕೊಡ ಹಿಡ್ಕೊಂಡು, ಸತ್ತ ಹಿರಿಯರನ್ನೂ ಬನ್ನಿ ಅಂತ ಕರೀಬೇಕು. ನನಗೆ ಆಗಲಿಲ್ಲ ಕಣೇ. ಅಂಗಳಕ್ಕೆ ನೀರು ಬಂದಿತ್ತು, ಲಾರಿಯವನು ಕಿರುಚ್ತಿದ್ದ. ಮಕ್ಕಳನ್ನ ಹತ್ತಿಸಿದೆ, ಕೋಳಿ ಹತ್ತಿಸಿದೆ. ಅತ್ತೆ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಊರು ಖಾಲಿ ಆಯ್ತು ಅಂತ ಅವರಿಗೆ ಯಾರೂ ಹೇಳಲೇ ಇಲ್ಲ."

"ಅದಕ್ಕೇ ಇಳಿದು ಬರ್ತಿರಲಿಲ್ವಾ ಅಜ್ಜಿ?"

"ಯಾವ ಮುಖ ಇಟ್ಕೊಂಡು ಬರಲಿ? ದಿನಾ ಅಡುಗೆ ಮಾಡಿಟ್ಟು ಕಾಯ್ತಿದಾರೆ ಅಲ್ಲಿ."

ಕೆಳಗೆ ಜಲಾಶಯ ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿದೆ. ಅಜ್ಜಿ ಮೊದಲ ಸಲ ಆ ಕಡೆ ಕತ್ತು ತಿರುಗಿಸಿ ನೋಡುತ್ತಾಳೆ.

"ದೋಣಿ ಮಾರೋ ಮಾತು ಬಿಡು," ಎನ್ನುತ್ತಾಳೆ. "ನಾಳೆ ಬೆಳಗಿನ ಆಜಾನ್ ಮುಗಿದ ಕೂಡಲೇ ಕಟ್ಟೆ ಹತ್ರ ಬರ್ತೀನಿ. ದೀಪ ನಾನು ತರ್ತೀನಿ. ಗಾಳಿಗೆ ಆರದ ಹಾಗೆ ಒಂದು ಗಾಜಿನ ಚಿಮಣಿ ನೋಡಿಡು."

"ಮಂಜಿದ್ರೆ?"

"ಕಾಯೋಣ. ಇನ್ನು ನಾವೇನು ಅವಸರದವರಾ?"

ರುಸ್ಮಿನಿ ತಣ್ಣಗಾದ ಚಾವನ್ನು ಒಂದೇ ಗುಟುಕಿಗೆ ಕುಡಿದು ಏಳುತ್ತಾಳೆ. ಮೆಟ್ಟಿಲು ಇಳಿಯುವವಳನ್ನು ಅಜ್ಜಿ ಮತ್ತೆ ಕರೆಯುತ್ತಾಳೆ.

"ಲೇ ರುಸ್ಮಿನಿ, ನಾಳೆ ಬೇರೆ ಯಾರನ್ನೂ ಹತ್ತಿಸ್ಕೋಬೇಡ. ಹಿಂದಿನ ಹಲಗೆ ಪೂರ್ತಿ ಖಾಲಿ ಇರಲಿ. ಅತ್ತೆ ಸ್ವಲ್ಪ ದಪ್ಪ ಇದ್ರು."