ಬೀಪ್ ಅನ್ನದ ಹಾಲು

ಜಂಗಮಕೋಟೆ ಹತ್ತಿರದ ಒಂದು ಖಾಸಗಿ ಡೇರಿಗೆ ಟ್ಯಾಗ್ ರೀಡರ್ ಕೂರಿಸಲು ಹೋಗಿದ್ದೆ. ಪ್ರತಿ ಹಾಲಿನ ಕ್ಯಾನಿಗೂ ಒಂದೊಂದು ಟ್ಯಾಗ್ ಅಂಟಿಸಿರುತ್ತಾರೆ. ಕ್ಯಾನ್ ಬಾಗಿಲು ದಾಟಿದರೆ ರೀಡರ್ ಬೀಪ್ ಅನ್ನುತ್ತೆ, ಒಳಗಿನ ಕಂಪ್ಯೂಟರಿನಲ್ಲಿ ಹಾಲು ತಂದವರ ಹೆಸರು ಮೂಡುತ್ತೆ. ಎರಡಕ್ಕೂ ನೆಟ್‌ವರ್ಕ್ ಜೋಡಿಸಲು ಅರ್ಧ ಗಂಟೆ ಸಾಕಾಯಿತು. ಮ್ಯಾನೇಜರಿಗೆ ಬುದ್ಧಿ ಜೋಡಿಸುವ ವೈರು ಮಾತ್ರ ನನ್ನ ಚೀಲದಲ್ಲಿರಲಿಲ್ಲ.

ಎಲ್ಲ ಸರಿ ನಡೆದಿದೆಯಾ ಅಂತ ನೋಡಲು ಮೂರನೆಯ ದಿನ ಮತ್ತೆ ಹೋದಾಗ ಮುನಿರತ್ನಮ್ಮನ ಕ್ಯಾನ್ ಬೀಪ್ ಅನ್ನಲಿಲ್ಲ. ದಿನಾ ಬೂದಿ, ತೆಂಗಿನ ನಾರು ಹಾಕಿ ಕ್ಯಾನನ್ನು ಕನ್ನಡಿಯಂತೆ ಬೆಳಗುವ ಹೆಂಗಸು. ಟ್ಯಾಗನ್ನೂ ಕೊಳೆ ಅಂದುಕೊಂಡು ಉಜ್ಜಿ ತೆಗೆದಿದ್ದಳು.

"ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲಮ್ಮ. ಅಂದ್ಮೇಲೆ ನಿನ್ ಹಾಲು ಬಂದಿಲ್ಲ," ಅಂದ ಮ್ಯಾನೇಜರ್.

"ಬಂದಿಲ್ವಾ? ಮುಚ್ಚಳ ತೆಗೆದು ನೋಡಪ್ಪ! ಬಿಸಿಲೇರಿದ್ರೆ ಒಡೆದೋಗ್ತದೆ."

"ಮಿಷಿನ್ ಸುಳ್ಳು ಹೇಳಲ್ಲ."

ಸರಿ ಅಂತ ಅವಳ ಹೆಸರಿಗೆ ಹೊಸ ಟ್ಯಾಗ್ ಮಾಡಿದೆ. ಕ್ಯಾನಿಗೇ ಅಂಟಿಸಬಹುದಿತ್ತು. ಆದರೆ "ನಿಮ್ಮಂಥೋರು ಇರಬೇಕು ಸಾರ್," ಅಂತ ನಾನೇ ಮ್ಯಾನೇಜರನ ಬೆನ್ನು ತಟ್ಟುತ್ತಾ ಅಲ್ಲಿಗೇ ಅಂಟಿಸಿಬಿಟ್ಟೆ. ಅವನು ಬಾಗಿಲು ದಾಟಿದ್ದೇ ತಡ, ರೀಡರ್ ಬೀಪ್ ಅಂದಿತು. ಪರದೆಯ ಮೇಲೆ ಮುನಿರತ್ನಮ್ಮನ ಹಾಲು ಬಂದಿದೆ ಅಂತ ಮೂಡಿತು.

"ಮಿಷಿನ್ ಸುಳ್ಳು ಹೇಳಲ್ಲ ಸಾರ್. ನಿಮ್ಮನ್ನೇ ಎತ್ತಿ ಸುರೀಲಾ?" ಅಂದೆ.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಏನಾಯಿತೆಂದು ತಿಳಿಯದೆ ಮ್ಯಾನೇಜರ್ ಮುನಿರತ್ನಮ್ಮನ ಹಾಲು ಅಳೆಸಿಕೊಂಡ.

ಹೋಗುವಾಗ ಮುನಿರತ್ನಮ್ಮ ನನ್ನ ಕಿವಿಯಲ್ಲಿ ಹೇಳಿದಳು: "ಅವನ ಬೆನ್ನಿನ ಚೀಟಿ ತೆಗೀಬೇಡ ನಾಯನಾ. ನಾಳೆನೂ ನಾನು ಕ್ಯಾನ್ ಉಜ್ಜಬೇಕಲ್ಲ."

ಹೊಸ ಟ್ಯಾಗನ್ನು ಕ್ಯಾನಿಗೇ ಅಂಟಿಸಿದ್ದೇನೆ ಅಂತ ಡೇರಿಗೆ ಬರೆದುಕೊಟ್ಟಿದ್ದೇನೆ.