ಟೋಮೆ ಮೆತ್ತಿದ ಪಡುವಣ ದಿಬ್ಬ

ಟೋಮೆ ಸೊಸೆಯಾಗಿ ಬಂದ ಮನೆಯ ಹಿತ್ತಲಿಗೆ ಅಂಟಿಕೊಂಡೇ ಐನೂರು ವರ್ಷದ ಮಣ್ಣುಕೋಟೆ. ಶಿನಾನೊ ಸೀಮೆಯ ಯಾವನೋ ತುಂಡರಸ ನಾಲ್ಕೂ ದಿಕ್ಕಿಗೆ ಮಣ್ಣು ಪೇರಿಸಿ, ದಿಬ್ಬ ಹಾಕಿಸಿ, ಒಳಗೆ ಕೂತಿದ್ದನಂತೆ. ಅವನು ಹೋದ, ದಿಬ್ಬ ಉಳಿಯಿತು. ಪಡುವಣದ ದಿಬ್ಬ ಟೋಮೆಯ ಮನೆಯವರ ಪಾಲಿಗೆ, ಮೂಡಣದ್ದು ನೆರೆಮನೆಯ ಇವಾವೊನ ಪಾಲಿಗೆ.

ಮೊದಲ ವಸಂತದಲ್ಲೇ ಅತ್ತೆ ಗುದ್ದಲಿ ಕೈಗಿತ್ತಳು. "ದಿಬ್ಬ ಜರಿದರೆ ಊರೆಲ್ಲ ನಮ್ಮನೆ ನೋಡಿ ನಗ್ತದೆ. ನೋಡ್ಕೋ."

ಟೋಮೆಗೆ ಗೊತ್ತಿದ್ದದ್ದು ಗದ್ದೆಯ ಬದು. ನಾಟಿಗೆ ಮುಂಚೆ ಹಳೆಯ ಮೈ ಕೆತ್ತುವುದು, ಹೊಸ ಕೆಸರು ಮೆತ್ತುವುದು, ಗುದ್ದಲಿಯ ಬೆನ್ನಿನಿಂದ ತಟ್ಟಿ ನುಣುಪು ಮಾಡುವುದು. ದಿಬ್ಬಕ್ಕೂ ಅದನ್ನೇ ಮಾಡಿದಳು, ವರ್ಷ ವರ್ಷವೂ. ಗಂಡ ಸತ್ತ ವಸಂತದಲ್ಲೂ ಬಿಡಲಿಲ್ಲ. ಇವಾವೊ ಮಹಾಶಯ ತನ್ನ ಕಡೆ ಹುಲ್ಲುಕಡ್ಡಿ ಎತ್ತಿಡಲಿಲ್ಲ. ಅಲ್ಲಿ ಬಿದಿರು ಹಬ್ಬಿ, ಅದರೊಳಗೆ ನರಿ ಮರಿಹಾಕಿತ್ತು. ಬೇಲಿಗೆ ಮೊಣಕೈ ಊರಿ ಕೆಣಕುವುದಕ್ಕೆ ಮಾತ್ರ ಅವನಿಗೆ ಪುರುಸೊತ್ತು.

"ಸತ್ತ ದೊರೆಗೆ ಸಿಂಗಾರ ಮಾಡ್ತೀಯಲ್ಲ ಟೋಮೆಯಕ್ಕ, ಸಂಬಳ ಕಳಿಸ್ತಾನಾ?"

"ನಿನ್ನ ಹಾಗೆ ಮೈಗಳ್ಳಿ ಆಗಿದ್ದರೆ ನಾನೂ ಹೀಗೇ ಹಲ್ಲು ಕಿರೀತಿದ್ದೆ, ಹೋಗು."

ಟೋಮೆ ಮುದುಕಿಯಾದ ಮೇಲೆ ಕೋಟೆಯನ್ನು ರಕ್ಷಿತ ಸ್ಮಾರಕ ಮಾಡುತ್ತಾರೆಂದು ಸುದ್ದಿ ಬಂತು. ನೋಡಲು ಬರುವವರ ಕಾರು ನಿಲ್ಲಿಸಲು, ಆಯ್ಕೆಯಾಗದ ಭಾಗವನ್ನು ಸಮತಟ್ಟು ಮಾಡುತ್ತಾರಂತೆ. ಟೋಮೆಗೆ ಏನೂ ಅಂಜಿಕೆಯಿರಲಿಲ್ಲ. ನಾಲ್ಕರಲ್ಲಿ ನೆಟ್ಟಗೆ ನಿಂತಿದ್ದದ್ದು ಅವಳದೊಂದೇ.

ಪರೀಕ್ಷೆಗೆ ಬಂದ ನರುಮಿ ಎಂಬ ಪುರಾತತ್ವ ತಜ್ಞೆ ಪಡುವಣ ದಿಬ್ಬವನ್ನು ಅಡ್ಡಕ್ಕೆ ಸೀಳಿಸಿದಳು. ಒಳಗೆ ಪದರದ ಮೇಲೆ ಪದರ.

"ಅಜ್ಜಿ, ಇದನ್ನ ಯಾರಾದರೂ ಮುಟ್ಟಿದ್ದಾರಾ?"

"ಯಾರಾದರೂ ಏನು ಬಂತು, ನಾನೇ." ಟೋಮೆ ಬಾಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿದಳು. "ಪ್ರತಿ ವರ್ಷ ಕೆತ್ತಿ ಮೆತ್ತಿದೀನಿ ಕಣಮ್ಮ. ಒಂದು ವರ್ಷ ತಪ್ಪಿಸಿಲ್ಲ."

ಅಯ್ಯೋ ಪಾಪದವಳೇ, ಎಷ್ಟು ಹೆಮ್ಮೆಯಿಂದ ಹೇಳಿದಳು.

ನರುಮಿ ಪೆನ್ನು ಕೆಳಗಿಟ್ಟಳು. "ಕೆತ್ತಿದಾಗಲೆಲ್ಲ ಹಳೇ ಮಣ್ಣು ಹೋಯ್ತಲ್ಲ ಅಜ್ಜಿ. ಈ ಕಡೆ ಕೋಟೆ ಉಳಿದೇ ಇಲ್ಲ. ಇರೋದೆಲ್ಲ ನೀವು ಹಾಕಿದ್ದು." ಸೊಂಟದವರೆಗೂ ಬಾಗಿ ಕ್ಷಮೆ ಕೇಳಿದಳು. ಆ ಕ್ಷಮೆಯನ್ನು ಇಟ್ಟುಕೊಂಡು ಟೋಮೆ ಏನು ಮಾಡಬೇಕು?

ಉಳಿದ ಮೂರು ದಿಕ್ಕಿಗೆ ರಕ್ಷಣೆ ಸಿಕ್ಕಿತು. ಬಿದಿರು ಕಡಿಸಿ ಮೂಡಣದಲ್ಲಿ ಫಲಕ ನೆಟ್ಟರು: ಯಾರ ಕೈಯೂ ತಾಗದ ಮೂಲ ಮಣ್ಣು. ಇವಾವೊ ಕೋಟು ತೊಟ್ಟು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡ. ಸೋಮಾರಿತನಕ್ಕೂ ಸನ್ಮಾನವಾಯಿತು. ಅವತ್ತಿನಿಂದ ಅವನು ಟೋಮೆಯನ್ನು ಕೆಣಕುವುದನ್ನೂ ಬಿಟ್ಟ. ಅದು ಅವಳಿಗೆ ಇನ್ನೂ ಉರಿಯಿತು.

ನಾಟಿಯ ಹೊತ್ತಿಗೆ ಪಡುವಣ ದಿಬ್ಬ ಕೆಡವಲು ಜೆಸಿಬಿ ಬಂತು. ಎರಡನೇ ದಿನ ಚಾಲಕ ಬೆವರು ಒರೆಸುತ್ತ ಇಳಿದ. ಕೆಲಸಕ್ಕೆ ಬಂದವನನ್ನು ಬರಿಗೈಯಲ್ಲಿ ಕೂರಿಸುವಂತಿಲ್ಲವಲ್ಲ. ಟೋಮೆ ಬಾರ್ಲಿ ಚಹಾ ತಂದಳು.

"ಅರ್ಧ ದಿನದ ಕೆಲಸ ಅಂದ್ಕೊಂಡಿದ್ದೆ ಅಜ್ಜಿ. ಏನು ಗಟ್ಟಿ ಮಣ್ಣು ಇದು. ಹಳೇ ದೊರೆಗಳು ಕಟ್ಟಿಸಿದ್ದು ಅಂದರೆ ಸುಮ್ಮನೇನಾ?"

ಟೋಮೆ ಅವನ ಲೋಟಕ್ಕೆ ಮತ್ತಷ್ಟು ಚಹಾ ಸುರಿದಳು.

"ಅದು ಯಾವ ದೊರೆಯದೂ ಅಲ್ವಂತೆ," ಅಂದಳು. "ಕುಡಿದು ಬೇಗ ಕೆಡವಪ್ಪ."